ಸಹಾಯ ಬೇಕು: ಬಂಡೆ ಹತ್ತೋರಿಗೆ ಬಿಸಿಲಾಗ ತಡೆಯೋ ಬುತ್ತಿ
ನಮಸ್ಕಾರ್ರೀ. ಯಾದಗಿರಿಯ ಗ್ರಾನೈಟ್ ಬಂಡೆಗಳ ಮ್ಯಾಲೆ ಬೋಲ್ಡರಿಂಗ್ (ಹಗ್ಗ ಇಲ್ಲದ ಗಿಡ್ಡ ಬಂಡೆ ಹತ್ತೋದು) ಮಾಡೋ ಹುಡುಗ್ರು ಬಾದಾಮಿಯ ಮರಳುಗಲ್ಲಿಗೆ ಹಗ್ಗ ಕಟ್ಟಿ ಹತ್ತಲಿಕ್ಕ ಹೊಂಟಾರ.

ಬೋಲ್ಡರಿಂಗ್‌ಗೆ ಊಟದ ತೊಂದ್ರಿ ಇಲ್ಲ. ಎರಡು ತಾಸು ಮೊದ್ಲು ಜೋಳದ ರೊಟ್ಟಿ, ಬ್ಯಾಳಿ. ಪ್ರತಿ ಯತ್ನದ ನಡುವ 3–5 ನಿಮಿಷ ವಿಶ್ರಾಂತಿ, ಸಾಕು. ತೊಡಕು ಹಗ್ಗದ ಹಾದಿಯಾಗ. 20 ಮೀಟರ್ ಎತ್ತರದ ಅರ್ಧಕ್ಕೇ ಮುಂಗೈ ಕಲ್ಲಿನಂಗ ಬಿಗಿದು, ಬೆರಳು ತಾವಾಗೇ ಬಿಚ್ಚತಾವ. ಹಿಡಿತ ಅತಿ ಬಿಗಿ ಆದ್ರ ಮುಂಗೈಗೆ ರಕ್ತ ಸರಿಯಾಗಿ ಹರಿಯಂಗಿಲ್ಲ. ಅದಕ್ಕ ಮೊಣಕೈ ನೀಟ ಬಿಟ್ಟು, ಭಾರ ಕಾಲಿಗೆ ಹಾಕೋದು ಕಲಿಸೇವಿ.

ಇನ್ನ ಬೇಕಾಗಿದ್ದು ನಡುನಡುವ ತಿನ್ನೋ ಬುತ್ತಿ. ಶೇಂಗಾ ಉಂಡಿ ಅರಗೂದು ತಡ. ಬೆಲ್ಲ ಬಿಸಿಲಿಗೆ ಕರಗಿ ಬೆರಳಿಗೆ ಅಂಟಿದ್ರ ಹಿಡಿತ ಜಾರ್ತದ. ಖರ್ಜೂರ, ಪುಟಾಣಿ, ಉಪ್ಪು-ಲಿಂಬಿ ನೀರು ಎಷ್ಟೆಷ್ಟು ಹೊಂದತಾವ? ಗೊತ್ತಿದ್ದವ್ರು ಅಳತಿ ಸಮೇತ ತಿಳಸ್ರಿ.