ಇಕಾಲಜಿಯನ್ನೇ ವೃತ್ತಿಯಾಗಿಸಿಕೊಳ್ಳಬೇಕೆಂದಿದ್ದೇನೆ, ಎಲ್ಲಿಂದ ಆರಂಭಿಸಲಿ?

ಪ್ರಶ್ನೆ: ಶಿರಸಿಯ ವಿದ್ಯಾರ್ಥಿನಿ

ನಾನು ಬಿ.ಎಸ್ಸಿ. ಅಂತಿಮ ವರ್ಷದಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದೇನೆ. ನಮ್ಮದು ಅಡಿಕೆ ತೋಟದ ಮನೆ. ತೋಟಕ್ಕೆ ಸೊಪ್ಪು ಕೊಡುವ ಸೊಪ್ಪಿನ ಬೆಟ್ಟದಲ್ಲಿ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸುತ್ತ, ಯಾವ ಮರ ಯಾವಾಗ ಚಿಗುರುತ್ತದೆಂದು ನೋಡುತ್ತ ಬೆಳೆದವಳಾದ್ದರಿಂದ ಜೀವಿಗಳಿಗೂ ಪರಿಸರಕ್ಕೂ ಇರುವ ನಂಟನ್ನು ಅಧ್ಯಯನ ಮಾಡುವ ಇಕಾಲಜಿಯಲ್ಲಿಯೇ ಮುಂದುವರಿಯುವ ಆಸೆ ಬಲವಾಗಿದೆ. ಆದರೆ ಇದರಿಂದ ಹೊಟ್ಟೆ ತುಂಬುತ್ತದೆಯೇ ಎಂದು ಅಪ್ಪಯ್ಯ ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಇಲ್ಲಿಯೇ ಅರಣ್ಯ ಮಹಾವಿದ್ಯಾಲಯವಿದ್ದೂ ಅಲ್ಲಿ ಸೇರದೆ ತಪ್ಪು ಮಾಡಿದೆನೇ ಎಂಬ ಅಳುಕೂ ಇದೆ.

ಉತ್ತರ 1: ಸಿದ್ದಾಪುರದಿಂದ

ತಪ್ಪೇನೂ ಆಗಿಲ್ಲ, ತಂಗಿ. ಅರಣ್ಯಶಾಸ್ತ್ರ ಓದಿದವರಿಗೆ ಅರಣ್ಯ ಇಲಾಖೆಯ ಬಾಗಿಲು ಹತ್ತಿರ. ಸಂಶೋಧನೆಗೆ ಸಸ್ಯಶಾಸ್ತ್ರವೂ ಗಟ್ಟಿಯಾದ ತಳಹದಿಯೇ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ವನ್ಯಜೀವಿ ವಿಷಯದ ಸ್ನಾತಕೋತ್ತರ ಪದವಿಯಿದೆ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1983ರಲ್ಲಿ ಆರಂಭವಾದ ಪರಿಸರ ವಿಜ್ಞಾನ ಕೇಂದ್ರದಲ್ಲಿ ಪಿಎಚ್.ಡಿ. ಮಾಡಬಹುದು. ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಾದ ನೆಟ್‌ನಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ದೊರೆತರೆ 2023ರಿಂದ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಸಿಗುತ್ತಿದೆ ಎಂದು ಅಪ್ಪಯ್ಯನವರಿಗೆ ತಿಳಿಸಿ. ಈ ವರ್ಷವೇ ಸಂಖ್ಯಾಶಾಸ್ತ್ರ ಕಲಿಯಲು ಆರಂಭಿಸಿ. ಕಾಡಿನ ಮೇಲೆ ಪ್ರೀತಿಯಿದ್ದೂ ಲೆಕ್ಕಕ್ಕೆ ಹೆದರಿ ಹಿಂದೆ ಸರಿದವರನ್ನು ನಾನು ಬಹಳ ನೋಡಿದ್ದೇನೆ.

ಉತ್ತರ 2: ಕುಮಟಾದಿಂದ

ಕಾಡಷ್ಟೇ ಇಕಾಲಜಿಯಲ್ಲ. 2024ರಲ್ಲಿ ರಾಮ್ಸರ್ ತಾಣವೆಂದು, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂದು, ಘೋಷಿತವಾದ ಅಘನಾಶಿನಿ ಅಳಿವೆ ನಿಮ್ಮ ಊರಿನ ಹೊಳೆಯದ್ದೇ. ನೀರಿಳಿದಾಗ ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಕಬ್ಬಿಣದ ಚೌಕಟ್ಟನ್ನು ನೆಲಕ್ಕೆ ಒತ್ತಿ, ಅದರೊಳಗಿನ ಮಣ್ಣನ್ನು ಜರಡಿ ಹಿಡಿದು ಉಳಿದ ಬಳಚುಗಳನ್ನು (ಎರಡು ಚಿಪ್ಪಿನ ಮೃದ್ವಂಗಿಗಳನ್ನು) ಒಂದೊಂದಾಗಿ ಅಳೆದು ಬರೆಯುವುದು ನನ್ನ ಕೆಲಸ. ನೀರು ಮತ್ತೆ ಏರುವುದರೊಳಗೆ ಮುಗಿಸಬೇಕು. ಎಲ್ಲಿ ಚೌಕಟ್ಟು ಇಡಬೇಕೆಂಬುದನ್ನು ನನಗೆ ಕಲಿಸಿದವರು ಕಾಲಿನಿಂದಲೇ ಬಳಚು ಇರುವ ಜಾಗ ಗುರುತಿಸುವ ಅಲ್ಲಿನ ಹೆಂಗಸರು. ಕಡಲ ಕಡೆ ಮನಸ್ಸಿದ್ದರೆ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಕಾರವಾರದ ಕೋಡಿಬಾಗದಲ್ಲಿಯೇ ಇದೆ.

ಉತ್ತರ 3: ಹೊನ್ನಾವರದಿಂದ

ಮೇಲಿನವರು ಹೇಳದ ಒಂದು ಮಾತನ್ನು ನಾನು ಹೇಳಲೇಬೇಕು. ನಾನು ದುಡಿದ ಯೋಜನೆಯೊಂದರ ಅನುದಾನ ಮಧ್ಯದಲ್ಲಿಯೇ ನಿಂತು, ಏಳು ತಿಂಗಳು ಸಂಬಳವಿಲ್ಲದೆ ಮನೆಯಲ್ಲಿ ಕುಳಿತಿದ್ದೆ. ಈ ಕ್ಷೇತ್ರದ ಹೆಚ್ಚಿನ ಕೆಲಸಗಳು ಯೋಜನೆಯ ಅವಧಿಗಷ್ಟೇ ಸಿಗುವವು. ಬೋಧನೆಯೋ ಅರಣ್ಯ ಸೇವೆಯ ಪರೀಕ್ಷೆಯೋ, ಇನ್ನೊಂದು ದಾರಿಯನ್ನೂ ತೆರೆದಿಟ್ಟುಕೊಳ್ಳಿ. ಹಾಗಿದ್ದೂ ನಾನು ಈ ಕೆಲಸ ಬಿಡಲಿಲ್ಲ. ಕತ್ತಲೆಕಾನು ಎಂಬ ಕಾಡಿನ ರಾಮಪತ್ರೆ ಜಡ್ಡಿಯಲ್ಲಿ, ಅಂದರೆ ರಾಮಪತ್ರೆ ಜಾತಿಯ ಮರಗಳು ಬೆಳೆಯುವ ಜೌಗಿನಲ್ಲಿ, ನೀರಿನಿಂದ ಮೇಲೆದ್ದು ಮಡಿಸಿದ ಮೊಣಕಾಲಿನಂತೆ ಬಾಗಿ ಮತ್ತೆ ಕೆಸರಿಗಿಳಿಯುವ ಬೇರುಗಳ ನಡುವೆ ಒಮ್ಮೆ ನಿಂತು ನೋಡಿ, ಏಕೆಂದು ನಿಮಗೇ ತಿಳಿಯುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ನಮ್ಮ ಬೆಟ್ಟದ ಇಪ್ಪತ್ತು ಮರಗಳಿಗೆ ನಿನ್ನೆ ಸಂಖ್ಯೆ ಬರೆದು ಬಂದಿದ್ದೇನೆ. ಚಿಗುರು, ಹೂವು, ಕಾಯಿಗಳನ್ನು ವಾರಕ್ಕೊಮ್ಮೆ ದಾಖಲಿಸಿದರೆ ಸಾಕೇ, ಅಥವಾ ಇನ್ನೂ ಪದೇಪದೇ ನೋಡಬೇಕೇ?