ವಿಜ್ಞಾನದ ನಕ್ಷೆ ಏಳರಲ್ಲಿ, ಗಣಿತದ ನಕ್ಷೆ ಎಂಟರಲ್ಲಿ: ಶಿಕ್ಷಕರು ಕೂಡಿ ಪಾಠಯೋಜನೆ ಮಾಡುವುದು ಹೇಗೆ?

ಪ್ರಶ್ನೆ: ಗಣಿತ ಶಿಕ್ಷಕಿ, ಹಿರಿಯ ಪ್ರಾಥಮಿಕ ಶಾಲೆ

ಮಾನ್ಯ ಶಿಕ್ಷಕ ಬಂಧುಗಳೇ,

ನಮ್ಮ ಶಾಲೆಯಲ್ಲಿ ಆರರಿಂದ ಎಂಟನೇ ತರಗತಿಗಳಿಗೆ ನಾವು ನಾಲ್ವರು ಶಿಕ್ಷಕರಿದ್ದೇವೆ. ಪ್ರತಿ ಜೂನ್ ತಿಂಗಳಲ್ಲಿ ಅವರವರ ವಿಷಯದ ವಾರ್ಷಿಕ ಯೋಜನೆಯನ್ನು ಅವರವರೇ ಬರೆದು, ಮುಖ್ಯ ಶಿಕ್ಷಕರ ಸಹಿ ಪಡೆದು ಕಡತಕ್ಕೆ ಸೇರಿಸುತ್ತೇವೆ. ಒಬ್ಬರ ಯೋಜನೆಯನ್ನು ಇನ್ನೊಬ್ಬರು ತೆರೆದು ನೋಡಿದ್ದಿಲ್ಲ.

ಇದರಿಂದ ಮಕ್ಕಳಿಗೆ ಆಗುತ್ತಿರುವ ತೊಂದರೆ ನನಗೆ ತಿಳಿದದ್ದು ಕಳೆದ ವರ್ಷ, ಏಳನೇ ತರಗತಿಯ ವಿಜ್ಞಾನದ ನೋಟ್‌ಬುಕ್ ಒಂದು ನನ್ನ ಮೇಜಿಗೆ ಬಂದಾಗ. ‘ಚಲನೆ ಮತ್ತು ಕಾಲ’ ಪಾಠದ ದೂರ-ಕಾಲ ನಕ್ಷೆಯನ್ನು ಆ ಹುಡುಗಿ ಬಹಳ ಅಚ್ಚುಕಟ್ಟಾಗಿ ಬರೆದಿದ್ದಳು. ಆದರೆ ಲಂಬ ಅಕ್ಷದ ಮೇಲೆ 0, 10, 15, 40 ಕಿಲೋಮೀಟರ್‌ಗಳನ್ನು ಒಂದೊಂದು ಸೆಂಟಿಮೀಟರ್ ಅಂತರದಲ್ಲಿ ಗುರುತಿಸಿದ್ದರಿಂದ, ಗಂಟೆಗಂಟೆಗೂ ವೇಗ ಬದಲಿಸಿದ ಬಸ್ಸು ಅವಳ ನಕ್ಷೆಯಲ್ಲಿ ನೇರ ಗೆರೆಯಾಗಿ, ಏಕರೂಪ ಚಲನೆಯ ಬಸ್ಸಾಗಿ ಕಾಣುತ್ತಿತ್ತು. ಇಂತಹ ನಕ್ಷೆಗಳ ಪರಿಚಯ ಗಣಿತದಲ್ಲಿ ಬರುವುದೇ ಎಂಟನೇ ತರಗತಿಯಲ್ಲಿ. ವಿಜ್ಞಾನದ ಮೇಡಂ ಅಕ್ಷ ಎಂದರೇನು ಎಂಬುದರಿಂದ ಆರಂಭಿಸಿ ನಾಲ್ಕು ಅವಧಿಗಳನ್ನು ಇದಕ್ಕೇ ವ್ಯಯಿಸಿದ್ದರು. ಪಕ್ಕದ ಕೊಠಡಿಯಲ್ಲಿದ್ದ ನನಗೆ ಅದು ಗೊತ್ತೇ ಇರಲಿಲ್ಲ.

ನಾವೆಲ್ಲರೂ ಕುಳಿತು ಯೋಜನೆ ಮಾಡಬೇಕೆಂಬ ಮನಸ್ಸಿದೆ. ಎಲ್ಲಿಂದ ಆರಂಭಿಸಬೇಕು, ಸಮಯವನ್ನು ಎಲ್ಲಿಂದ ತರಬೇಕು? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ವಿಜ್ಞಾನ ಶಿಕ್ಷಕ

ಮೇಡಂ, ನೀವು ಬರೆದ ನೇರ ಗೆರೆಯ ಬಸ್ಸನ್ನು ನಾನೂ ಹಲವು ನೋಟ್‌ಬುಕ್‌ಗಳಲ್ಲಿ ಕಂಡಿದ್ದೇನೆ.

ನಾವು ಮಾಡಿದ್ದು ಇಷ್ಟೇ. ಸೇತುಬಂಧದ (ವರ್ಷಾರಂಭದಲ್ಲಿ ಹಿಂದಿನ ತರಗತಿಯ ಕಲಿಕೆಯನ್ನು ಮತ್ತೆ ಗಟ್ಟಿಮಾಡಿಸುವ) ದಿನಗಳಲ್ಲಿ ಗಣಿತ, ವಿಜ್ಞಾನ ಮತ್ತು ಸಮಾಜ ವಿಜ್ಞಾನದ ಪಾಠಗಳನ್ನು ತಿಂಗಳುವಾರು ಒಂದೇ ದೊಡ್ಡ ಹಾಳೆಯ ಮೇಲೆ ಬರೆದು, ಒಂದು ವಿಷಯದ ಕಲಿಕೆಗೆ ಇನ್ನೊಂದು ವಿಷಯದ ಕೌಶಲ ಬೇಕಾಗುವ ಕಡೆಗಳಲ್ಲಿ ಮಾತ್ರ ಕೆಂಪು ಗುರುತು ಹಾಕಿದೆವು. ಎಲ್ಲ ಪಾಠಗಳನ್ನೂ ಜೋಡಿಸಲು ಹೋಗಬೇಡಿ, ಅದು ಎರಡು ವಾರವೂ ಉಳಿಯುವುದಿಲ್ಲ. ನಮಗೆ ವರ್ಷಕ್ಕೆ ಏಳೆಂಟು ಕೆಂಪು ಗುರುತುಗಳು ಸಿಕ್ಕವು, ಅಷ್ಟೇ ಸಾಕಾಯಿತು.

ನಿಮ್ಮ ಸಮಸ್ಯೆಗೆ ಏಳನೇ ತರಗತಿಯ ಗಣಿತದಲ್ಲೇ ದಾರಿಯಿದೆ. ‘ದತ್ತಾಂಶಗಳ ನಿರ್ವಹಣೆ’ ಪಾಠದಲ್ಲಿ ಸ್ತಂಭಾಲೇಖಕ್ಕೆ (ಕಂಬಗಳ ನಕ್ಷೆಗೆ) ಪ್ರಮಾಣವನ್ನು, ಅಂದರೆ ಒಂದು ಸೆಂಟಿಮೀಟರ್‌ಗೆ ಎಷ್ಟು ಎಂಬುದನ್ನು, ಆರಿಸಿಕೊಳ್ಳುವುದನ್ನು ನೀವು ಕಲಿಸಿಯೇ ಕಲಿಸುತ್ತೀರಿ. ಆ ಹುಡುಗಿ ಎಡವಿದ್ದು ಪ್ರಮಾಣದಲ್ಲಿಯೇ ಹೊರತು ಬಿಂದುವನ್ನು ಗುರುತಿಸುವುದರಲ್ಲಿ ಅಲ್ಲ. ಆ ಪಾಠದ ಒಂದು ಅವಧಿಯಲ್ಲಿ ಬಸ್ಸಿನ ಇದೇ ದತ್ತಾಂಶವನ್ನು ಕೊಟ್ಟು ಸ್ತಂಭಾಲೇಖ ಬರೆಸಿ. 15ರಿಂದ 40ಕ್ಕೆ ಕಂಬ ಒಮ್ಮೆಲೇ ಏರುವುದನ್ನು ಕಂಡ ಮಗು ಮುಂದೆ ಅಂತರಗಳನ್ನು ಸಮನಾಗಿ ಹಂಚುವುದು ಕಡಿಮೆಯಾಗುತ್ತದೆ.

ಇನ್ನೊಂದು ಮಾತು. ‘ನಕ್ಷೆ’ ಎಂದರೆ ಸಮಾಜ ವಿಜ್ಞಾನದ ಅವಧಿಯಲ್ಲಿ ಭಾರತದ ಭೂಪಟ, ನನ್ನ ಅವಧಿಯಲ್ಲಿ ದೂರ-ಕಾಲದ ಗೆರೆ. ದೂರ-ಕಾಲ ನಕ್ಷೆಯಲ್ಲಿ ಏರುವ ಗೆರೆಯನ್ನು ಮಕ್ಕಳು ಬಸ್ಸು ಹತ್ತಿದ ಗುಡ್ಡದ ರಸ್ತೆ ಎಂದು ಓದುತ್ತಿದ್ದುದಕ್ಕೆ ಈ ಪದವೂ ಒಂದು ಕಾರಣವೆಂದು ನನ್ನ ಅಭಿಪ್ರಾಯ. ಮೂವರೂ ಒಪ್ಪಿಕೊಂಡು, ಊರು-ರಸ್ತೆ ತೋರಿಸುವುದನ್ನು ‘ಭೂಪಟ’ ಎಂದೇ ಕರೆಯತೊಡಗಿದ ಮೇಲೆ ಈ ಗೊಂದಲ ಬಹುಮಟ್ಟಿಗೆ ತಗ್ಗಿತು.

ಉತ್ತರ 2: ನಿವೃತ್ತ ಮುಖ್ಯ ಶಿಕ್ಷಕ

ಸಮಯದ ಬಗ್ಗೆ ಕೇಳಿದ್ದೀರಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ ಕನಿಷ್ಠ 220 ಕೆಲಸದ ದಿನಗಳನ್ನು ಮತ್ತು 1000 ಬೋಧನಾ ಗಂಟೆಗಳನ್ನು ಹೇಳುತ್ತದೆ; ಶಿಕ್ಷಕರಿಗೆ ವಾರಕ್ಕೆ ಕನಿಷ್ಠ 45 ಗಂಟೆಗಳನ್ನು ಹೇಳುವಾಗ ಪಾಠದ ಸಿದ್ಧತೆಯ ಸಮಯವನ್ನೂ ಅದರಲ್ಲೇ ಸೇರಿಸಿದೆ. ಆದ್ದರಿಂದ ಕೂಡಿ ಕುಳಿತು ಸಿದ್ಧತೆ ಮಾಡುವುದು ಕೆಲಸದ ಹೊರಗಿನ ಸೇವೆಯಲ್ಲ, ಕೆಲಸವೇ ಎಂದು ನಿಮ್ಮ ಮುಖ್ಯ ಶಿಕ್ಷಕರಿಗೆ ಧೈರ್ಯವಾಗಿ ಹೇಳಬಹುದು.

ನಮ್ಮಲ್ಲಿ ಶನಿವಾರ ಬೆಳಗಿನ ತರಗತಿಗಳು ಮುಗಿದ ಮೇಲೆ ನಲವತ್ತು ನಿಮಿಷ ಕೂರುತ್ತಿದ್ದೆವು. ಸುತ್ತೋಲೆ, ಬಿಸಿಯೂಟದ ಲೆಕ್ಕ, ದಾಖಲೆಗಳ ಮಾತು ಅಲ್ಲಿ ಬರಕೂಡದೆಂದು ನಾನೇ ನಿಯಮ ಮಾಡಿದ್ದೆ. ಪ್ರತಿಯೊಬ್ಬರೂ ಆ ವಾರದ ಐದು ನೋಟ್‌ಬುಕ್‌ಗಳನ್ನು ತರಬೇಕಿತ್ತು: ಚೆನ್ನಾಗಿ ಬರೆಯುವವರ ಎರಡು, ಹಿಂದುಳಿದವರ ಮೂರು. ಮೊದಲ ತಿಂಗಳು ಸಂಕೋಚವಿತ್ತು, ಏಕೆಂದರೆ ಮಗುವಿನ ತಪ್ಪನ್ನು ತೋರಿಸುವುದೆಂದರೆ ತಮ್ಮ ಬೋಧನೆಯನ್ನೇ ಪರೀಕ್ಷೆಗೆ ಒಡ್ಡಿದಂತೆ ಎಂದು ಶಿಕ್ಷಕರಿಗೆ ಅನಿಸುತ್ತಿತ್ತು. ಅದಕ್ಕಾಗಿ ಮೊದಲ ಸಭೆಗೆ ನನ್ನ ತರಗತಿಯ ನೋಟ್‌ಬುಕ್‌ಗಳನ್ನೇ ಇಟ್ಟೆ. ಯೋಜನೆಯ ನಮೂನೆಗಳನ್ನು ತುಂಬುವುದರಿಂದ ಆರಂಭಿಸಿದ ಶಾಲೆಗಳಲ್ಲಿ ನಮೂನೆಗಳಷ್ಟೇ ಉಳಿದದ್ದನ್ನು ನೋಡಿದ್ದೇನೆ.

ಉತ್ತರ 3: ಕನ್ನಡ ಶಿಕ್ಷಕಿ

ಭಾಷಾ ಶಿಕ್ಷಕರನ್ನು ಬಿಡಬೇಡಿ ಎಂದು ಕೋರುತ್ತೇನೆ. ಗಣಿತದ ವಾಕ್ಯರೂಪದ ಲೆಕ್ಕದಲ್ಲಿ ಸೋಲುವ ಮಗು ಅನೇಕ ಸಲ ಸೋಲುವುದು ‘ಗಿಂತ ಹೆಚ್ಚು’, ‘ರಷ್ಟು’, ‘ಪ್ರತಿಯೊಂದಕ್ಕೂ’ ಎಂಬ ಪದಗಳಲ್ಲಿ. ನಮ್ಮ ಗಣಿತ ಸರ್ ಕೊಟ್ಟ ಹತ್ತು ಲೆಕ್ಕಗಳನ್ನು ನಾನು ಕನ್ನಡದ ಅವಧಿಯಲ್ಲಿ ಓದಿಸಿ, ಉತ್ತರ ಕೇಳದೆ, ಏನನ್ನು ಕೇಳಿದ್ದಾರೆಂದು ಸ್ವಂತ ಮಾತಿನಲ್ಲಿ ಬರೆಸಿದೆ. ಆ ಹಾಳೆಗಳೇ ನಮ್ಮಿಬ್ಬರ ಮುಂದಿನ ತಿಂಗಳ ಯೋಜನೆಗೆ ಆಧಾರವಾದವು.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಬರುವ ಶನಿವಾರದ ನಲವತ್ತು ನಿಮಿಷಕ್ಕೆ ಮುಖ್ಯ ಶಿಕ್ಷಕರು ಒಪ್ಪಿದ್ದಾರೆ. ಮೊದಲು ನನ್ನ ತರಗತಿಯ ಐದು ಸ್ತಂಭಾಲೇಖಗಳನ್ನೇ ಮೇಜಿನ ಮೇಲೆ ಇಡುತ್ತೇನೆ. ವಿಜ್ಞಾನದ ಮೇಡಂ ಆ ಬಸ್ಸಿನ ದತ್ತಾಂಶವನ್ನು ತರುತ್ತಾರೆ.