ರಿಮೋಟ್ ಯಾಕ ಒಗದಿ ಅಂತ ಕೇಳಿದವಗ

ಹಲೋ... ಹಾಂ, ರೆಕಾರ್ಡ್ ಆಗ್ಲಾಕತ್ತದ. ತಮ್ಮಾ, ನಿನ್ನಿ ರಾತ್ರಿ ನೀ ಗ್ರೂಪಿನಾಗ ಹಾಕಿದ್ದು ಈಗ ಮುಂಜಾನಿ ಚಹಾ ಕುಡಕೋತ ಓದಿದೆ. "ದೊಡ್ಡವ್ವ ಒಂದು ಟಿವಿ ಆಟದ ಸಲುವಾಗಿ ರಿಮೋಟ್ ಒಗದು, ನನಗ ರೊಟ್ಟಿ ಹಾಕಲಾರದೆ ಮಲಗಿದಳು. ಟ್ವಿಸ್ಟ್ ಇಲ್ಲಂದ್ರ ಆಟ ಯಾರು ನೋಡ್ತಾರ? ಬಿಗ್ ಬಾಸ್‌ದಾಗ ಹನುಮಂತ ಗೆದ್ದಾಗ ಓಣಿಗೆಲ್ಲ ಮಾಲಪುರಿ ಹಂಚಿದ್ದಿ, ಈಗ್ಯಾಕ ಸಿಟ್ಟು?" ಅಂತ ಬರದೀದಿ. ಅದರ ಕೆಳಗ ನಿಮ್ಮವ್ವ ನಕ್ಕಾಳ, ಬೀದರ ಕಾಕಾ ನಕ್ಕಾರ, ಯಾದಗಿರಿ ಮಂದಿನೂ ನಕ್ಕಾರ. ನಗ್ರಿ. ನನಗ ಅಷ್ಟು ಉದ್ದ ಟೈಪ್ ಮಾಡ್ಲಾಕ ಬರಂಗಿಲ್ಲ, ಅದಕ್ಕ ಬಾಯಿಲೇ ಹೇಳ್ತೀನಿ. ಅಡಗಿ ಮಾಡ್ಕೋತ ಕೇಳ್ರಿ.

ಮೊದಲು ರಿಮೋಟಿಂದು. ಒಗದಿಲ್ಲ. ದಿವಾನಿನ ಮ್ಯಾಲ ಇಟ್ಟೀನಿ. ಜರಾ ಜೋರಾಗಿ ಇಟ್ಟೆ, ಸೆಲ್ ಹೊರಗ ಬಿದ್ದವು, ಅಷ್ಟೇ. ರೊಟ್ಟಿ ಬುಟ್ಟ್ಯಾಗ ಇದ್ದವು, ಪುಂಡಿಪಲ್ಯ ಗ್ಯಾಸಿನ ಮ್ಯಾಲ ಇತ್ತು, ಶೇಂಗಾ ಹಿಂಡಿ ಡಬ್ಬಿ ನಿನ್ನ ಕಣ್ಣೆದುರಿಗೇ ಇತ್ತು. ಇಷ್ಟು ದೊಡ್ಡ ಎಂಜಿನಿಯರಿಗಿ ತನ್ನ ತಾಟಿಗಿ ತಾನು ಹಾಕ್ಕೊಳ್ಳಾಕ ಬರಂಗಿಲ್ಲಂದ್ರ ನಾ ಏನು ಮಾಡ್ಲಿ?

ಈಗ ಆಟದ ಮಾತು. ಉಳಿದವರಿಗಿ ಗೊತ್ತಿಲ್ಲ, ಹೇಳ್ತೀನಿ. ಈ ಹುಡುಗ ಇಲ್ಲಿ ಕಲಬುರಗಿಗಿ, ಶರಣಬಸಪ್ಪ ಅಪ್ಪನ ಜಾತ್ರಿ ಅಂತ ಬೆಂಗಳೂರಿಂದ ಬಂದ. ಶರಣಬಸಪ್ಪನ ತೇರು ನೋಡಿದ್ದು ಒಂದು ಸಂಜಿ. ಉಳಿದಷ್ಟೂ ದಿನ ಲ್ಯಾಪ್‌ಟಾಪಿಗಿ ವೈರ್ ಹಚ್ಚಿ ನಮ್ಮ ಟಿವ್ಯಾಗ ಸರ್ವೈವರ್ ಅಂತ ಅಮೆರಿಕದ ಆಟ ತೋರಿಸಿದ. 38ನೇ ಸೀಸನ್ನು, 2019ರದು. 18 ಮಂದಿನ್ನ ಫಿಜಿ ದ್ವೀಪಕ್ಕ ಒಯ್ದು ಬಿಡ್ತಾರ, 39 ದಿನ. ಹೊಟ್ಟಿಗಿ ಸಾಲದಷ್ಟು ಅಕ್ಕಿ, ಮಳಿ ಬಂದ್ರ ಮಳ್ಯಾಗೇ ಮಲಗಬೇಕು. ನಡುನಡುವ ತಮ್ಮೊಳಗ ತಾವೇ ಚೀಟಿ ಬರದು ಒಬ್ಬೊಬ್ಬರನ್ನ ಹೊರಗ ಹಾಕಬೇಕು. ಕಡೀಕ ಉಳಿದವರೊಳಗ ಯಾರು ಗೆದ್ದರು ಅಂತ ಹೇಳೋರು ಆ ಹೊರಗ ಬಿದ್ದವರೇ. ಇನಾಮು ಹತ್ತು ಲಕ್ಷ ಡಾಲರ್. ನನಗ ಇಂಗ್ಲಿಷ್ ಅರ್ಧ ತಿಳೀತದ, ಉಳಿದರ್ಧ ಇಂವ ಹೇಳಿದ.

ಖರೇ ಹೇಳ್ತೀನಿ, ನನಗ ಹುಚ್ಚು ಹಿಡೀತು. ಮೂರನೇ ದಿನಕ್ಕ ಮಧ್ಯಾಹ್ನದ ನಿದ್ದಿ ಬಿಟ್ಟೆ. ಮುಖಕ್ಕ ನಕ್ಕು ಹಿಂದಿಂದ ಚೀಟಿ ಬರೆಯೋದು, ಬಾವಿ ಕಟ್ಟಿ ಮ್ಯಾಲ ಇಬ್ಬಿಬ್ಬರು ಕುಂತು ಪಿಸುಗುಡೋದು, ಊರಾಗ ಹೊಲ ಪಾಲಾಗೋ ಮುಂದ ನಮ್ಮ ಮನ್ಯಾಗ ನಡದಿದ್ದೆಲ್ಲ ನೆನಪಾತು. ಕಾಕಾ, ನಿಮಗಂತ ಅಂದಿಲ್ಲ.

ಅದರಾಗ ಗ್ಯಾವಿನ್ ವಿಟ್ಸನ್ ಅಂತ ಒಬ್ಬ ಹುಡುಗ ಇದ್ದ. ಗಲಾಟಿ ಇಲ್ಲ, ಜಂಬ ಇಲ್ಲ. 39 ದಿನ ಪುರಾ ಆಡಿದ, ಅಷ್ಟು ದಿನದಾಗ ಒಬ್ಬರೂ ಅವನ ಹೆಸರು ಚೀಟ್ಯಾಗ ಬರೀಲಿಲ್ಲ. ಹಸದು ಸಿಟ್ಟಿಗೆದ್ದ ಮಂದಿ ನಡುವ ಒಂದು ಚೀಟಿ ಸುದ್ದಾ ಬೀಳಲಾರದಂಗ ಇರೋದು ಸಾದಾ ಮಾತಲ್ಲ. ಎರಡು ದಿನಕ್ಕ ಬೀಗರ ಮನಿಗಿ ಹೋದ್ರ ನನ್ನ ಮ್ಯಾಲ ನಾಕು ದೂರು ಬರ್ತಾವ.

ಇನ್ನೊಬ್ಬ ಕ್ರಿಸ್ ಅಂಡರ್‌ವುಡ್. ಎಂಟನೇ ದಿನ ಔಟು. ಅವನಕಿಂತ ಮೊದಲು ಇಬ್ಬರೇ ಹೊರಗ ಬಿದ್ದಿದ್ರು. ನಾನಂತೂ ಅವನ ಮುಖಾನೇ ಮರತುಬಿಟ್ಟಿದ್ದೆ. ಆದ್ರ ಈ ಸಲ ಟಿವಿಯವರು ಏನು ಮಾಡಿದ್ರು, ಹೊರಗ ಬಿದ್ದವರನ್ನ ಮನಿಗಿ ಕಳಸಲಾರದೆ ಇನ್ನೊಂದು ದ್ವೀಪದಾಗ ಇಟ್ರು. ಇರ್ತೀನಿ ಅಂದವರು ಇರಬಹುದು, ಸಾಕು ಅಂದವರು ಹೋಗಬಹುದು. ಇತ್ತಾಗ ಆಡ್ಲಾಕತ್ತವರಿಗಿ ಮೊದಲಿಗಿ ಇದರ ಸುಳಿವೇ ಇಲ್ಲ. ತಾವು ಹೊರಗ ಹಾಕಿದವರು ಊರು ಮುಟ್ಟ್ಯಾರಂತ ತಿಳ್ಕೊಂಡು ಇವರು ಲೆಕ್ಕ ಹಾಕ್ಕೋತ ಕುಂತಾರ. 35ನೇ ದಿನ ಆ ದ್ವೀಪದವರೊಳಗ ಒಂದು ಪಂದ್ಯ ಇಟ್ರು, ಕ್ರಿಸ್ ಗೆದ್ದ, ತಿರುಗಿ ಆಟಕ್ಕ ಬಂದ. 39ನೇ ದಿನ ಹತ್ತು ಲಕ್ಷ ಡಾಲರ್ ಅವನದೇ. ಕೂಡಿಸಿ ನೋಡಿದ್ರ ಆಟದಾಗ ಅವ ಇದ್ದಿದ್ದು ಬರೀ 13 ದಿನ.

ತಡೀರಿ, ಹಾಲು ಉಕ್ಕಲಾಕತ್ತದ.

...ಹಾಂ. ಇನ್ನೊಂದದ, ಅದು ಇದಕ್ಕಿಂತ ಖಾರ. ಕಡೀಕ ಚೀಟಿ ಹಾಕೋರು 13 ಮಂದಿ. ಅವರು ಅಷ್ಟು ದಿನ ಎಲ್ಲಿದ್ರು? ಹೆಚ್ಚಿನವರು ಅದೇ ಎರಡನೇ ದ್ವೀಪದಾಗ, ಕ್ರಿಸ್ ಜೋಡಿ. ಒಂದೇ ಬೆಂಕಿ, ಒಂದೇ ಹಸಿವು. ಗ್ಯಾವಿನ್ ಇತ್ತಾಗ ಆಟ ಆಡ್ಕೋತ ಇವರನ್ನೇ ಒಬ್ಬೊಬ್ಬರನ್ನ ಹೊರಗ ಹಾಕಬೇಕಾಗ್ಯದ, ಕ್ರಿಸ್ ಅತ್ತಾಗ ಅವರ ಜೋಡಿ ಕುಂತಾನ. ಕೊಯ್ದವಗ ಓಟ್ ಹಾಕ್ತಾರೋ, ಜೋಡಿ ಉಪಾಸ ಬಿದ್ದವಗ ಹಾಕ್ತಾರೋ? ಕ್ರಿಸ್‌ಗ 9, ಗ್ಯಾವಿನ್‌ಗ 4, ಜೂಲಿ ಅಂತ ಇನ್ನೊಬ್ಬಾಕಿಗಿ ಸೊನ್ನಿ. ಆಗ ತಮ್ಮಾ, ಆಗ ನಾ ರಿಮೋಟ್ ಇಟ್ಟಿದ್ದು.

ಕ್ರಿಸ್ ಮ್ಯಾಲ ನನಗ ಸಿಟ್ಟಿಲ್ಲ, ಅದೂ ಕೇಳ್ಕೋರಿ. ನಾಕು ಮಂದಿ ಉಳಿದಾಗ ಅಂವ ಪಂದ್ಯ ಗೆದ್ದಿದ್ದ, ಸುಮ್ಮ ಕುಂತಿದ್ರ ಫೈನಲ್‌ಗ ಹೋಗ್ತಿದ್ದ. ಕುಂದರಲಿಲ್ಲ. ಗೆದ್ದ ಹಾರ ಬಿಚ್ಚಿಟ್ಟು, ತಾನೇ ಹೋಗಿ ಬೆಂಕಿ ಹಚ್ಚೋ ಪಂದ್ಯದಾಗ ರಿಕ್ ಡೆವೆನ್ಸ್‌ನ ಎದುರು ಕುಂತ. ಸೋತಿದ್ರ ಅಲ್ಲಿಗೇ ಮುಗೀತಿತ್ತು. ಎದಿ ಗಟ್ಟಿ ಐತಿ ಹುಡುಗಂದು. ತೆರೆದಿದ್ದ ಬಾಗಲಾಗ ಅಂವ ಬಂದ. ನನ್ನ ಜಗಳ ಬಾಗಲಾ ತೆಗೆದವರ ಜೋಡಿ.

ಈಗ ಹನುಮಂತನ ಮಾತು. ಬರೋಬ್ಬರಿ ಹಿಡಿದೀದಿ, ಸುಳ್ಳು ಹೇಳಂಗಿಲ್ಲ. ಹಾವೇರಿ ಜಿಲ್ಲಾದ ಕುರಿ ಕಾಯೋ ಹುಡುಗ, ಬಿಗ್ ಬಾಸ್ ಕನ್ನಡದ 11ನೇ ಸೀಸನ್ನಿಗಿ ವೈಲ್ಡ್ ಕಾರ್ಡಿನಾಗ ಹೋದ, 2025ರ ಜನವರಿದಾಗ ಗೆದ್ದ, ಸುದೀಪ ಅವನ ಕೈ ಎತ್ತಿದ್ರು, ನಾ ಮಾಲಪುರಿ ತರಿಸಿದೆ. ಹೌದು. ಆದ್ರ ನೋಡು, ವೈಲ್ಡ್ ಕಾರ್ಡ್ ಅಂಬೋದು ವರ್ಷಾ ಇರ್ತದ. ಒಳಗ ಹೋಗೋರಿಗಿ ನಡುವ ಇನ್ನೂ ಮಂದಿ ಬರ್ತಾರಂತ ಗೊತ್ತಿರ್ತದ. ಇಂವ ಶುರುವಾಗಿ ಕೆಲವು ವಾರಕ್ಕ ಒಳಗ ಹೋದ, ಆಮ್ಯಾಲ ತಿಂಗಳಗಟ್ಟಲೆ ಎಲ್ಲರ ಜೋಡಿ ಅದೇ ಮನ್ಯಾಗ ಇದ್ದ. ನಾಮಿನೇಟ್ ಆದಾಗೆಲ್ಲ ಮಂದಿ ಓಟ್ ಹಾಕಿ ಉಳಿಸ್ಯಾರ. ಕ್ರಿಸ್ ಬಂದಂಗ ಕಡೀ ನಾಕು ದಿನಕ್ಕ ಬಂದಿಲ್ಲ.

ಇಷ್ಟು ಹೇಳಿ ನಾ ಬಚಾವ್ ಆಗಬಹುದಿತ್ತು. ಆದ್ರ ಇದೆಲ್ಲ ನಿನ್ನಿ ರಾತ್ರಿ ನಿದ್ದಿ ಬರಲಾರದೆ ಹುಡುಕಿದ ಲೆಕ್ಕ. ಅವತ್ತು ಮಾಲಪುರಿ ತರಿಸೋ ಮುಂದ ಇಂಥಾ ಲೆಕ್ಕ ಒಂದೂ ಹಾಕಿರಲಿಲ್ಲ. ನಮ್ಮ ಕಡಿ ಮಾತು, ನಮ್ಮಂಥವನ ನಾಚಿಕಿ, ಅದಕ್ಕ ಮನಸು ಸೋತಿತ್ತು. ಬ್ಯಾರೆ ಕಡಿಯವ ಹಂಗ ನಡುವ ಬಂದು ಗೆದ್ದಿದ್ರ ನಾ ಏನಂತಿದ್ದೆ ಅಂಬೋದು ನಿಮ್ಮ ದೊಡ್ಡಪ್ಪಗ ಗೊತ್ತು, ಅವರು ಈಗ ಪೇಪರ್ ಹಿಂದ ನಗ್ಲಾಕತ್ತಾರ.

ಆಮ್ಯಾಲ ಬೀದರ ಕಾಕಾ ಬರದೀರಿ, "ಮೊದಲೇ ಹೇಳಿದ್ರ ಎಲ್ಲಾ ನ್ಯಾಯ ಆಗ್ತದೇನು? 2019ರ ವರ್ಲ್ಡ್ ಕಪ್ ನೆನಸ್ಕೋ" ಅಂತ. ಕಾಕಾ, ಆ ರಾತ್ರಿ ನಾವೆಲ್ಲ ನಿಮ್ಮ ಮನ್ಯಾಗೇ ಕುಂತು ನೋಡಿದ್ದು. ಲಾರ್ಡ್ಸ್‌ದಾಗ ಇಂಗ್ಲೆಂಡ್ 241, ನ್ಯೂಜಿಲೆಂಡ್ 241. ಸೂಪರ್ ಓವರ್‌ನಾಗ ಇವರೂ 15, ಅವರೂ 15. ಕಡೀಕ ಬೌಂಡರಿ ಎಣಿಸಿದ್ರು, 26 ಮತ್ತ 17, ಇಂಗ್ಲೆಂಡಿಗಿ ಕಪ್ಪು. ಕೆಟ್ಟ ನಿಯಮ, ಅದೇ ವರ್ಷ ಅಕ್ಟೋಬರ್‌ದಾಗ ಐಸಿಸಿಯವರೇ ತೆಗೆದು ಹಾಕಿದ್ರು. ಆದ್ರ ಆಟ ಶುರುವಾಗೋಕಿಂತ ಮೊದಲೇ ಪುಸ್ತಕದಾಗ ಇತ್ತು. ಆ ನ್ಯೂಜಿಲೆಂಡಿನವರು ನಿಯಮಕ್ಕ ಬೈಬಹುದಿತ್ತು, ಅಂಪೈರ್ ನಮಗ ಮೋಸ ಮಾಡಿದ ಅನ್ನಂಗಿರಲಿಲ್ಲ. ನಿಯಮ ಕೆಟ್ಟದಿದ್ರ ತಿದ್ದಬಹುದು ಕಾಕಾ. ಪಂಚರೇ ಪಂದ್ಯದ ನಡುವ ಎದ್ದು ಬಂದು ಗೆರಿ ಸರಿಸಿದ್ರ ಯಾರ ಮುಂದ ಹೇಳ್ಕೋಬೇಕು?

ಅದಕ್ಕ ಉದಾಹರಣೆ ಈ ಹುಡುಗನೇ ಕೊಟ್ಟಾನ. ನಾ ಸಿಟ್ಟಾದ ಮ್ಯಾಲ ಸಮಾಧಾನ ಮಾಡ್ತೀನಂತ 41ನೇ ಸೀಸನ್ನಿಂದು ಒಂದು ತುಂಡು ತೋರಿಸಿದ. ಸಮಾಧಾನ ಎಲ್ಲಿಂದು, ಉರಿಯೋದಕ್ಕ ಎಣ್ಣಿ. 2021ರದು. ಎರಡು ತಂಡ ಪಂದ್ಯ ಆಡಿದ್ರು, ಗೆದ್ದ ತಂಡದವರು ಈ ಸಲ ಔಟ್ ಆಗಂಗಿಲ್ಲ ಅಂತ ಹೇಳಿದ್ರು, ಊಟಾ ಹಾಕಿದ್ರು. ಆಮ್ಯಾಲ ದೂರ ಒಬ್ಬಾಕಿ ಎರಿಕಾ ಅಂತ ಒಬ್ಬಂಟಿ ಕುಂತಿದ್ದಳಲ್ಲ, ಆಕಿ ಕೈಯಾಗ ಒಂದು ಮರಳು ಗಡಿಯಾರ ಕೊಟ್ಟು, ಇದನ್ನ ಒಡದ್ರ ಗೆದ್ದವರು ಸೋತಂಗ, ಸೋತವರು ಗೆದ್ದಂಗ ಅಂದ್ರು. ಒಡದಳು. ಯಾರರೆ ಒಡೀಲಾರದೆ ಬಿಡ್ತಾರೇನು? ಗೆದ್ದ ತಂಡದ ಸಿಡ್ನಿ ಆ ಸಲದ ಚೀಟ್ಯಾಗೇ ಔಟ್ ಆದಳು, ಎರಿಕಾ ಮುಂದ ಆ ಸೀಸನ್ನೇ ಗೆದ್ದಳು. ಡ್ಯಾನಿ ಅಂತ ಒಬ್ಬ, ಮೊದಲು ಅಲ್ಲಿಯ ದೊಡ್ಡ ಫುಟ್‌ಬಾಲ್ ಆಡಿದವ, ನಡೆಸಿಕೊಡೋ ಜೆಫ್ ಪ್ರೋಬ್ಸ್ಟ್ ಮುಖದ ಮ್ಯಾಲೇ ಇದು ಸರಿಯಲ್ಲ ಅಂದ. ಆ ಹುಡುಗನ ಸಲುವಾಗಿ ನಾ ಎದ್ದು ನಿಂತೀನಿ, ನೀ ನೋಡೀದಿ.

ಟ್ವಿಸ್ಟ್ ಇಲ್ಲಂದ್ರ ಯಾರು ನೋಡ್ತಾರ ಅಂತೀದಿ. ಟ್ವಿಸ್ಟ್ ನನಗೂ ಬೇಕು. ನಿನ್ನಿಗಿಂತ ಮೊದಲಿನ ಎಪಿಸೋಡಿನಾಗ ನಾ ಬಾಯಿ ಮ್ಯಾಲ ಕೈ ಇಟ್ಕೊಂಡಿದ್ದು ಎಷ್ಟು ಸಲ? ಅವೆಲ್ಲ ಆಡೋರು ಮಾಡಿದ್ದು. ನಂಬಿಸಿದವ ಕೈ ಕೊಟ್ಟ, ಪೆದ್ದಿ ಅಂದ್ಕೊಂಡಾಕಿ ಎಲ್ಲರಕಿಂತ ಶಾಣ್ಯಾ ಅನಿಸಿಕೊಂಡಳು. ಅದು ನೋಡ್ಲಾಕೇ ನಾ ಕುಂತಿದ್ದು. ಆಫೀಸಿನಾಗ ಕುಂತವರು ಬರದಿದ್ದು ನೋಡೋದಾದ್ರ ಧಾರಾವಾಹಿ ಅದಾವಲ್ಲ, ರಾತ್ರಿ ಎಂಟರ ಮ್ಯಾಲ ಬೇಕಾದಷ್ಟು.

ನಮ್ಮಪ್ಪ ಆಳಂದ ತಾಲೂಕಿನ ನಮ್ಮೂರ ಜಾತ್ರ್ಯಾಗ ಕುಸ್ತಿಗಿ ಪಂಚ ಆಗಿ ನಿಂದರ್ತಿದ್ದ. ಮೊದಲು ಹುಡುಗರ ತೆಂಗಿನಕಾಯಿ ಕುಸ್ತಿ, ಕಡೀಕ ಬೆಳ್ಳಿ ಕಡಗದ್ದು. ಜೋಡಿ ಹಚ್ಚೋ ಮುಂದ ಇಬ್ಬರನ್ನೂ ಕರದು ತೋಳು ಹಿಡಿದು ನೋಡ್ತಿದ್ದ, ಹೆಗಲಿಗೆ ಹೆಗಲು ಹಚ್ಚಿ ನಿಂದರಿಸ್ತಿದ್ದ. ಒಂದು ಸಲ ಊರ ದೊಡ್ಡವರೊಬ್ಬರು ಕಡಗದ ಕುಸ್ತಿಗಿ ಹೊಸಾ ಪೈಲ್ವಾನನ್ನ ಜೀಪಿನಾಗ ತಂದಿಳಿಸಿದ್ರು. ಇತ್ತಾಗ ನಮ್ಮವ ಆಗಲೇ ಮೂರು ಕುಸ್ತಿ ಹಿಡದು ಉಸಿರು ಬಿಡ್ಲಾಕತ್ತಾನ. ನಮ್ಮಪ್ಪ ಹಲಗಿ ನಿಂದರಿಸಿದ. "ಮುಂದಿನ ವರ್ಷ ಕಾಯಿ ಕುಸ್ತಿಯಿಂದ ಬರ್ಲಿ" ಅಂದ. ಆ ದೊಡ್ಡವರು ಎರಡು ವರ್ಷ ನಮ್ಮ ಮನಿ ಮುಂದ ಹಾಯಲಿಲ್ಲ.

ಇಂಥವನ ಮಗಳು ನಾ ಅಂತ ಹೇಳ್ಕೊಂಡು ಇಲ್ಲಿಗೇ ನಿಂದರಬೇಕಂತಿದ್ದೆ. ಆದ್ರ ರಾತ್ರಿ ನಿದ್ದಿ ಕೆಟ್ಟಿದ್ದು ಗ್ಯಾವಿನ್ ಸಲುವಾಗಿ ಅಷ್ಟೇ ಅಲ್ಲ.

ನಾ ಸಾಲ್ಯಾಗ ಟೀಚರ್ ಆಗಿ ಸೇರಿ ನಾಕೈದು ವರ್ಷ ಆಗಿತ್ತು. ಆಗಸ್ಟ್ ಹದಿನೈದಕ್ಕ ಹೆಣ್ಣುಮಕ್ಕಳ ಓಟ ನಾನೇ ಇಟ್ಟಿದ್ದೆ. ನನ್ನ ಕ್ಲಾಸಿನ ಶಾಣ್ಯಾ ಹುಡುಗಿ ಒಬ್ಬಾಕಿ, ನನಗ ಜೀವ ಆಕಿ ಅಂದ್ರ, ನಡುವ ಎಡವಿ ಬಿದ್ದಳು. ಬ್ಯಾರೆ ಒಬ್ಬಾಕಿ ಗೆದ್ದಳು, ಹಿಂದಿನ ಬೆಂಚಿನಾಕಿ. ಬರಿಗಾಲಲೇ ಓಡಿದ್ದಳು. ನಾ ಸೀಟಿ ಊದಿ "ಮತ್ತೊಮ್ಮಿ ಓಡ್ರಿ, ನೆಲ ಸರಿ ಇದ್ದಿಲ್ಲ" ಅಂದೆ. ನೆಲ ಎಲ್ಲರಿಗೂ ಅದೇ ನೆಲ. ಎರಡನೇ ಸಲ ಶಾಣ್ಯಾ ಹುಡುಗಿ ಗೆದ್ದಳು, ಆ ಹಿಂದಿನ ಬೆಂಚಿನಾಕಿ ದಣಿದಿದ್ದಳು, ಮೂರನೇದಾಕಿ ಬಂದಳು. ಸ್ಟೀಲ್ ಡಬ್ಬಿ ಕೊಡೋ ಮುಂದ ನನ್ನ ಹತ್ತಿರ ಬಂದು ಮೆಲ್ಲಕ ಕೇಳಿದಳು, "ಟೀಚರ್, ಮೊದಲನೇದು ಯಾರಿಗಿ ಲೆಕ್ಕ ರೀ?" ಅಂತ. ಹೋಗು, ಸಾಲಾಗಿ ನಿಂದ್ರು ಅಂದೆ.

ಆಕಿ ಅಳಲಿಲ್ಲ, ಜಗಳಾಡಲಿಲ್ಲ. ಮುಂದಿನ ವರ್ಷ ಓಟಕ್ಕ ಹೆಸರು ಕೊಡು ಅಂದ್ರ ಕಾಲು ನೋಯ್ತದ ರೀ ಅಂದಳು. ಕಡೀಕ ಕ್ರಿಸ್‌ನ ಹೆಸರು ಕೂಗಿದಾಗ ಗ್ಯಾವಿನ್ ನಕ್ಕಂಗ ಮಾಡಿದ ನೋಡು, ಆ ಮುಖ ನಾ ಎಲ್ಲೋ ನೋಡೀನಲ್ಲ ಅನಸ್ತು. ಅದಕ್ಕ ಎದ್ದು ಹೋದೆ. ನಿನಗ ರೊಟ್ಟಿ ಹಾಕಲಾರದಷ್ಟು ಸಿಟ್ಟು ನಿನ್ನ ಮ್ಯಾಲ ಅಲ್ಲಪ್ಪ.

ಮೂವತ್ತು ವರ್ಷದ ಮ್ಯಾಲ ಆತು. ಆಕಿ ಈಗ ಸೂಪರ್ ಮಾರ್ಕೆಟ್ ಕಡಿ ಬಟ್ಟಿ ಅಂಗಡಿ ಇಟ್ಟಾಳ. ನಾ ಹೋದ್ರ ಕುರ್ಚಿ ಹಾಕ್ತಾಳ, ಚಹಾ ತರಸ್ತಾಳ. ಇಷ್ಟು ವರ್ಷ ಆ ಮಾತು ತೆಗೆಯಾಕ ನನಗ ಬಾಯಿ ಬಂದಿಲ್ಲ. ಈ ಆಯಿತವಾರ ಹೋಗ್ತೀನಿ, ಸೀರಿಗಿ ಫಾಲ್ ಹಚ್ಚಸೋದದ ಹೆಂಗೂ.

ಸರಿ, ಕುಕ್ಕರ್ ಕೂಗ್ಲಾಕತ್ತದ, ಬ್ಯಾಳಿ ಮೆತ್ತಗಾಗಿ ಹೋಗ್ತದ. ತಮ್ಮಾ, ನಿನ್ನ ಆ ವೈರ್ ಟಿವಿ ಹಿಂದೇ ಉಳದದ, ಕಿಡಕ್ಯಾಗ ಇಟ್ಟೀನಿ. ಯುಗಾದಿಗಿ ಬರೋ ಮುಂದ ಇನ್ನೊಂದು ಸೀಸನ್ ತಗೊಂಡು ಬಾ. ಆದ್ರ ಹೊರಗ ಬಿದ್ದವರು ತಿರುಗಿ ಬರ್ತಾರೋ ಇಲ್ಲೋ ಅಂಬೋದು ಮೊದಲನೇ ದಿನಾನೇ ಹೇಳಿಬಿಡು, ಯಾರು ಗೆಲ್ತಾರಂತ ಮಾತ್ರ ಹೇಳಬ್ಯಾಡ. ಮತ್ತ ರಿಮೋಟಿಗಿ ಎರಡು ಸೆಲ್ ತಾ, ಒಂದು ದಿವಾನಿನ ಕೆಳಗ ಹೋಗ್ಯದ, ನನಗ ಬಗ್ಗಲಾಕ ಆಗವಲ್ದು.